ಹಾಳೆಯ ಬೆನ್ನಿಗೆ ಬರೆದ ಮನೆ

ಗಜೇಂದ್ರಗಡದ ನೇಕಾರರ ಓಣಿಗೆ ಹೋಗಿ ‘ಕಲಾವಿದ ಸಿದ್ದಾರೂಢರ ಮನೆ ಯಾವುದು’ ಎಂದು ಕೇಳಿ ನೋಡಿ, ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಮಗ್ಗದ ಸಿದ್ದಾರೂಢ’ ಎನ್ನಬೇಕು. ಆಗ ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ತಾನು ಕಲಾವಿದ ಹೌದೋ ಅಲ್ಲವೋ ಎಂಬುದು ಅವನಿಗೂ ಇವತ್ತಿನ ತನಕ ಬಗೆಹರಿದಿಲ್ಲ ಬಿಡಿ. ಅವನ ತಲೆಯಲ್ಲಿ ಬಗೆಹರಿಯದೆ ಬಿದ್ದಿರುವುದು ಇನ್ನೂ ಬಹಳ ಇದೆ.

ನಲವತ್ತು ವರ್ಷ ಸೀರೆ ನೇಯ್ದ ಬಲಭುಜ ಒಂದು ದಿನ ಮೇಲೇಳಲಿಲ್ಲ. ಆರು ತಿಂಗಳು ಲಾಳಿ ಮುಟ್ಟಬೇಡ ಎಂದರು ಡಾಕ್ಟರು. ಕೆಲಸವಿಲ್ಲದ ಗಂಡಸು ಮನೆಯಲ್ಲಿದ್ದರೆ ಏನಾಗುತ್ತದೆ? ಪಲ್ಯಕ್ಕೆ ಉಪ್ಪು ಹೆಚ್ಚು, ಕಸ ಸರಿಯಾಗಿ ಬಳಿದಿಲ್ಲ, ಬೆಕ್ಕು ಯಾಕೆ ಬಂತು, ದಿನವೆಲ್ಲ ಇದೇ. ಹದಿನೈದು ದಿನ ತಡೆದುಕೊಂಡ ಹೆಂಡತಿ ಸಂತೆಯಿಂದ ಬಣ್ಣದ ಡಬ್ಬಿ, ಕುಂಚ, ಶಾಯಿ ಬಾಟಲಿ ತಂದು ಮುಂದೆ ಕುಕ್ಕಿದಳು. “ತೊಗೋ, ಏನರ ಗೀಚ್ಕೋತ ಕುಂಡ್ರು. ನನ್ನ ತಲಿ ತಿನ್ನಬ್ಯಾಡ.” ಅವನ ಕಲಾಜೀವನ ಶುರುವಾದದ್ದು ಹೀಗೆ.

ಇಲ್ಲೊಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಿದ್ದಾರೂಢನ ಮಗ್ಗದಲ್ಲಿ ಸೀರೆಯ ಮುಖ ಕೆಳಕ್ಕೆ, ಬೆನ್ನು ಮೇಲಕ್ಕೆ. ನೇಯುವವನ ಕಣ್ಣೆದುರು ಇರುವುದು ಗಂಟು, ಎಳೆಯ ತುದಿ, ಅಡ್ಡಾದಿಡ್ಡಿ ನೂಲು. ಉಡುವವರು ನೋಡುವ ಮುಖ ಕೆಳಗೆ ತನ್ನಷ್ಟಕ್ಕೆ ಚೊಕ್ಕಟವಾಗಿ ಮೂಡುತ್ತಿರುತ್ತದೆ. ಚಿತ್ರವನ್ನೂ ಅವನು ಹಾಗೇ ಬರೆದ. ಸೀರೆಯ ಮಡಿಕೆಯಲ್ಲಿ ಇಡುವ ತೆಳು ಬಿಳಿ ಹಾಳೆ ಹಾಸಿ, ಬಲಕ್ಕೆ ಬೇಕಾದ್ದನ್ನು ಎಡಕ್ಕೆ ಬರೆದು, ಶಾಯಿ ಬಣ್ಣ ಎರಡೂ ಕೆಳಕ್ಕೆ ಇಳಿಯಲು ಬಿಟ್ಟು, ಒಣಗಿದ ಮೇಲೆ ಮಗುಚಿ ನೋಡುತ್ತಿದ್ದ. ಮಗುಚಿದ ಬದಿಯೇ ಅವನ ಚಿತ್ರ. ಮೇಲಿನದು ಬರೀ ಕೆಲಸದ ಬದಿ. ಹಾಳೆ ಸುರುಳಿಯಾಗದಿರಲೆಂದು ಕೆಳಗಿನ ಅಂಚಿಗೆ ನೂಲಿನ ಗಂಜಿ ಬಳಿದಿರುತ್ತಿದ್ದ. ಗಂಜಿ ಇದ್ದಲ್ಲಿ ಬಣ್ಣ ಇಳಿಯದೆ ಮೇಲೇ ಮಡುಗಟ್ಟಿ ಒಣಗುತ್ತಿತ್ತು. ಆ ಕಡೆ ಯಾರು ನೋಡುತ್ತಾರೆ ಎಂದು ಅವನು ಒರೆಸುತ್ತಲೂ ಇರಲಿಲ್ಲ.

ಊರ ಗುಡ್ಡ ಬರೆದ, ಗುಡ್ಡದ ಮೇಲಿನ ಗಾಳಿಯಂತ್ರ ಬರೆದ, ಅಬ್ಬಿಗೇರಿಯ ಎರೆಹೊಲ ಬರೆದ. ಮಗುಚಿದಾಗ ಗೆರೆಯೆಲ್ಲ ನೆನೆದು ಮೆತ್ತಗಾಗಿ, ಗುಡ್ಡದ ಜಾಗದಲ್ಲಿ ನೀಲಿಯೊಂದು ಹರಡಿರುತ್ತಿತ್ತು. “ಇದೇನ ಗುಡ್ಡೋ, ಒಲಿ ಹೊಗಿಯೋ?” ಎಂದಳು ಹೆಂಡತಿ. ಅವನಿಗೂ ಖಾತ್ರಿ ಇರಲಿಲ್ಲ. ಆದರೆ ನೋಡುತ್ತ ಕೂತರೆ ಭುಜದ ನೋವು ಮರೆಯುತ್ತಿತ್ತು, ಅದಂತೂ ಖರೆ.

ಅವನ ಅಕ್ಕ ಅನ್ನವ್ವ. ಅವಳನ್ನು ಕೊಟ್ಟದ್ದು ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿಗೆ. ಹೊಳೆ ಊರೊಳಗೆ ಬಂದ ವರ್ಷ ಅವಳ ಮನೆ ಹೋಯಿತು. ಫೋಟೋ, ಪೆಟ್ಟಿಗೆ, ಕಾಗದಪತ್ರ ಎಲ್ಲ ಅದರ ಜೊತೆಗೇ ಹೋದವು. ಈಗ ಎತ್ತರದಲ್ಲಿ ಸರಕಾರ ಕಟ್ಟಿಸಿದ ಮನೆಯಲ್ಲಿದ್ದಾಳೆ. ತಮ್ಮನ ಭುಜ ನೋಡಲು ಬಂದವಳು ಚಿತ್ರಗಳನ್ನು ಒಂದೊಂದಾಗಿ ತಿರುವಿ ಹಾಕಿದಳು.

“ತಮ್ಮಾ, ನನ್ನ ಹಳೇ ಮನಿ ಒಂದ ಬರದ ಕೊಡೋ. ಓಣ್ಯಾಗಿಂದ ಬಂದ್ರ ಹ್ಯಾಂಗ ಕಾಣತಿತ್ತು, ಹಂಗ. ಬಲಕ್ಕ ಬೇವಿನ ಗಿಡಾ, ಎಡಕ್ಕ ಕೊಟ್ಟಿಗಿ.”

“ನಿನಗ ನೆನಪ ಐತೆಲ್ಲ, ಮತ್ತ್ಯಾಕ ಬೇಕ?”

“ಇಲ್ಲೋ. ಕಣ್ಣ ಮುಚ್ಚಿದ್ರ ಅವತ್ತ ದೋಣ್ಯಾಗ ಕುಂತ ಹಿತ್ತಲ ಕಡಿಂದ ನೋಡಿದ್ದಷ್ಟ ಬರತೈತಿ. ಸುತ್ತ ನೀರು. ಓಣಿ ಕಡೀದು ಬರವಲ್ದು. ಮದವಿ ಆಗಿ ಹೊಸ್ತಲಾ ದಾಟಿದ ಮನಿ, ಬರವಲ್ದಂದ್ರ ಹ್ಯಾಂಗಾಗಿರಬೇಡ!”

ಸಿದ್ದಾರೂಢ ಮರುದಿನವೇ ಹಾಳೆ ಹಾಸಿದ. ನಾಲ್ಕು ಹಾಳೆ ಹಾಳುಮಾಡಿ ಐದನೆಯದಕ್ಕೆ ಮನೆ ಬಂತು. ಕೆಲಸದ ಬದಿಗೆ ಬೇವನ್ನು ಎಡಕ್ಕೆ, ಕೊಟ್ಟಿಗೆಯನ್ನು ಬಲಕ್ಕೆ ಬರೆದ. ಓಣಿಯ ಮಣ್ಣಿಗೆಂದು ಕಲಸಿದ ಕಂದು ಬಣ್ಣ ಗಂಜಿಯ ಅಂಚಿನಲ್ಲಿ ಮಡುಗಟ್ಟಿತು, ಎಂದಿನಂತೆ ಬಿಟ್ಟ. ಮಗುಚಿದರೆ ಬಲಕ್ಕೆ ಬೇವು, ಎಡಕ್ಕೆ ಕೊಟ್ಟಿಗೆ, ನಡುವೆ ಬೆಳಗಿನ ಮಂಜಿನಲ್ಲಿ ನಿಂತಂತೆ ಮನೆ. ಒಬ್ಬನೇ ಕೂತು ಅತ್ತುಬಿಟ್ಟ.

ಮಗ್ಗದ ಸಿದ್ದಾರೂಢ ಚಿತ್ರ ಬರೆಯುವ ಸುದ್ದಿ ಸಾಲಿಯಲ್ಲಿ ಚಿತ್ರಕಲೆ ಕಲಿಸುವ ಅಂಜುಮ ಟೀಚರ್ ಕಿವಿಗೆ ಬಿತ್ತು. ರೋಣದಲ್ಲಿ ಚಿತ್ರಪ್ರದರ್ಶನ ನಡೆಸುವ ಗದ್ದಲದಲ್ಲಿದ್ದಳು ಆಕೆ. ಒಂದು ಅರ್ಜಿ ಹಿಡಿದುಕೊಂಡೇ ಬಂದಳು.

“ಕಾಕಾ, ಇವು ಮೂಲಚಿತ್ರ ಹೌದಲ್ರಿ? ನಕಲಲ್ಲ?”

ಮೂಲ ಎಂದರೆ ಮೇಲಿನದೋ ಕೆಳಗಿನದೋ ಎಂದು ಸಿದ್ದಾರೂಢ ಯೋಚನೆಗೆ ಬಿದ್ದ. ಆಕೆ ಅಷ್ಟರಲ್ಲಿ ‘ಹೌದು’ ಎಂದು ಬರೆದುಕೊಂಡಳು.

“ನಿಸರ್ಗಚಿತ್ರಾನೋ, ಅಮೂರ್ತಚಿತ್ರಾನೋ?”

“ಅಮೂರ್ತ ಅಂದ್ರ ಏನವಾ?”

“ನೋಡಿದ್ರ ಇದು ಇಂಥಾದ್ದು ಅಂತ ಹೇಳಾಕ ಬರಬಾರ್ದ್ರಿ.”

“ಹಂಗಾರ ಎರಡೂ ಬರಕೋ. ಹಾಳಿ ಒಂದ ಐತಿ.”

ಮುದುಕ ತಮಾಷೆ ಮಾಡಿದ ಎಂದು ಆಕೆ ಜೋರಾಗಿ ನಕ್ಕಳು. ‘ನಿಸರ್ಗ’ ಎಂದು ಬರೆದಳು. ಹನ್ನೊಂದು ಹಾಳೆ ಸುತ್ತಿಕೊಂಡಳು, ಅನ್ನವ್ವನ ಮನೆಯೂ ಅದರಲ್ಲಿತ್ತು. ಚೌಕಟ್ಟಿಗೆ ಗಾಜು ಹಾಕಿಸಿ ತೂಗುಹಾಕುತ್ತೇನೆ, ಮುಗಿದ ಮೇಲೆ ಅಕ್ಕನವರು ಒಯ್ಯಲಿ ಎಂದಳು. ಸಿದ್ದಾರೂಢನಿಗೆ ಖುಷಿಯೋ ಖುಷಿ. ಪ್ರದರ್ಶನದ ದಿನ ರೋಣಕ್ಕೆ ಬಾ ಎಂದು ಅಕ್ಕನಿಗೆ ಫೋನು ಮಾಡಿದ.

ಆ ದಿನ ಸಭಾಭವನದೊಳಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ಗುಡ್ಡ. ಗುಡ್ಡ ಹೌದು, ಆದರೆ ಗಾಳಿಯಂತ್ರ ಎಡಕ್ಕೆ ಹೋಗಿದ್ದವು. ಗೆರೆಯೆಲ್ಲ ಗಟ್ಟಿಯಾಗಿ, ದಪ್ಪವಾಗಿ ನಿಂತಿದ್ದವು. ಹನ್ನೊಂದಕ್ಕೆ ಹನ್ನೊಂದೂ ಹಾಗೇ. ಅವನ ಚಿತ್ರಗಳ ಬೆನ್ನುಗಳನ್ನೆಲ್ಲ ಸಾಲಾಗಿ ತೂಗುಹಾಕಿ ದೀಪ ಬಿಟ್ಟಿದ್ದರು! ಜನ ಬಂದು ಅವನ ಕೈ ಕುಲುಕಿದರು. “ಏನ ಗೆರಿ ಹಾಕೀರಿ, ಭಾಳ ಚಲೋ ಆಗೈತಿ” ಎಂದರು. ತಿರುವಿ ಹಾಕಿದ ಅಂಗಿಯಲ್ಲಿ ಮದುವೆಗೆ ಬಂದವನ ಹಾಗೆ ಅವನು ನಿಂತಲ್ಲೇ ಮುದುಡಿದ.

“ಟೀಚರ್, ಇವನ್ನ ಲಗೂ ಮಗಚರಿ. ಅಕ್ಕ ಬರೂ ಹೊತ್ತಾತು.”

“ಮಗಚೂದಂದ್ರ? ಹಾಳಿ ಭಾಳ ತೆಳು ಇದ್ವು ಕಾಕಾ. ರಟ್ಟಿಗೆ ಅಂಟು ಹಚ್ಚಿ ಕುಂಡ್ರಸೇವ್ರಿ. ಕಿತ್ರ ಹರೀತಾವ.”

ಅವನು ವಿಷಯ ಹೇಳಿದ. ಆಕೆಯ ಮುಖ ಬಿಳಿಚಿತು. ಇಬ್ಬರೂ ಅನ್ನವ್ವನ ಮನೆಯ ಮುಂದೆ ಹೋಗಿ ನಿಂತರು. ಎಡಕ್ಕೆ ಬೇವು, ಬಲಕ್ಕೆ ಕೊಟ್ಟಿಗೆ, ಹಿತ್ತಲ ಕಡೆಯಿಂದ ನೋಡಿದ ಹಾಗೆ. ಗೋಡೆಯ ಬುಡಕ್ಕೆ ಕಂದು ಬಣ್ಣ ನೆರೆನೀರಿನಂತೆ ಮಡುಗಟ್ಟಿ ಹೊಳೆಯುತ್ತಿತ್ತು. ಕಣ್ಣು ಮುಚ್ಚಿದರೆ ಯಾವುದೊಂದೇ ಬರುತ್ತದೆಂದು ಅಕ್ಕ ಗೋಳಾಡಿದ್ದಳೋ ಅದನ್ನೇ ಚೌಕಟ್ಟು ಹಾಕಿ ಇಟ್ಟಂತಾಗಿತ್ತು. ಇಳಿಸಿಬಿಡೋಣ ಎಂದು ಕೈ ಚಾಚಿದ. ಬಲಭುಜ ಅಷ್ಟೆತ್ತರ ಏಳಲಿಲ್ಲ.

“ಬಂದ್ನೋ ತಮ್ಮಾ,” ಎಂದಿತು ಹಿಂದಿನಿಂದ ಧ್ವನಿ.

ಅನ್ನವ್ವ ಚಿತ್ರ ನೋಡಿದಳು. ಕೈಯೊಳಗಿನ ಚೀಲ ಕೆಳಗಿಟ್ಟಳು. ಇದು ತಪ್ಪು ಬದಿ ಎಂದು ಹೇಳಿಬಿಡಬೇಕು, ಈಗಲೇ ಹೇಳಬೇಕು ಎಂದು ಸಿದ್ದಾರೂಢ ಅಂದುಕೊಳ್ಳುವಷ್ಟರಲ್ಲಿ ಅವಳೇ ಕೇಳಿದಳು.

“ನೀರು ಹಿತ್ತಲ ಕಟ್ಟಿ ಮಟಾ ಬಂದಿದ್ದು ಯಾರ ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ.”

“ಇದನ್ನ ನೋಡಿದಾಕಿ ನಾ ಒಬ್ಬಾಕಿನ ಅಂತಿದ್ನೆಲ್ಲೋ.” ಅವಳ ಕಣ್ಣಿಂದ ನೀರು ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಸಿಟ್ಟಾದಳೋ, ಸಮಾಧಾನವಾಯಿತೋ? ಅವನಿಗೆ ಒಂದೂ ತಿಳಿಯಲಿಲ್ಲ.

ಅನ್ನವ್ವ ಮುಂದೆ ಬಂದು ಗಾಜಿನ ಮೇಲೆ ಬೆರಳಿಟ್ಟಳು. “ಇದು ಹಿತ್ತಲ ಬಾಗಲಾ. ದಾಟಿದ್ರ ಅಡಿಗಿಮನಿ. ಇಲ್ಲೆ ಒಲಿ, ಇಲ್ಲೆ ನೀರಿನ ಹಂಡೆ. ಮುಂದ ಪಡಸಾಲಿ. ಅದರಾಚಿಗೆ...” ಬೆರಳು ತಡೆಯಿತು. “ಅದರಾಚಿಗೆ ಮುಂಚೀಬಾಗಲಾ! ನೀಲಿ ಬಣ್ಣ ಹಚ್ಚಿದ್ದು. ಬಂತು ನೋಡೋ ತಮ್ಮಾ, ಬಂತು! ಹೊರಗ ಬಂದ ಹೊಳ್ಳಿದ್ರ ಕೊಟ್ಟಿಗಿ...”

ಕೊಟ್ಟಿಗೆಯ ಮೇಲೆ ಬೆರಳು ನಿಂತೇಬಿಟ್ಟಿತು. ಅವಳು ತಮ್ಮನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವನು ಆ ಮುಖ ನೋಡಿರಲಿಲ್ಲ.

“ಆಕಳ ಕರಾ ಕಟ್ಟಿದ್ನಿ ಒಳಗ. ದೋಣಿ ಬಂತು, ಬಾ ಬಾ ಅಂತ ಎಲ್ಲಾರೂ ಚೀರಾಡಿದ್ರು. ಅದರ ಹಗ್ಗಾ ಬಿಚ್ಚಿ ಬಂದ್ನೋ ಇಲ್ಲೋ, ಇವತ್ತಿನ ಮಟಾ ತಿಳದಿಲ್ಲ ನನಗ. ನೀ ಎಲ್ಲಾ ಬರದೀಯಲ್ಲ. ಹೇಳ, ಬಿಚ್ಚಿದ್ನೇನೋ?”

ಆ ದಿನ ಸಿದ್ದಾರೂಢ ಇದ್ದದ್ದು ಗಜೇಂದ್ರಗಡದಲ್ಲಿ, ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡು.

“ಬಿಚ್ಚಿದ್ದಿ ಅಕ್ಕಾ.”

“ಖರೇನ?”

“ಖರೇನ. ನೋಡ, ಕೊಟ್ಟಿಗ್ಯಾಗ ನಾ ಕರಾನ ಬರದಿಲ್ಲ.”

ಅನ್ನವ್ವ ಮತ್ತೆ ಗಾಜಿಗೆ ಮುಖ ಹತ್ತಿರ ಮಾಡಿ, ಕೊಟ್ಟಿಗೆಯ ಒಳಗೆಲ್ಲ ಹುಡುಕತೊಡಗಿದಳು.