ಲೋಕದೃಷ್ಟಿಯ ಮೇಷ್ಟರು

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ನಿವೃತ್ತ ಮೇಷ್ಟರಿಗೆ ಉಪ್ಪಿಲ್ಲದೆ ಊಟ ಇಳಿದರೂ ಇಳಿದೀತು, ‘ಲೋಕದೃಷ್ಟಿ’ ಎಂಬ ಮಾತಿಲ್ಲದೆ ಒಂದು ವಾಕ್ಯ ಮುಗಿಯುವುದಿಲ್ಲ. ಬಸ್ಸು ತಡವಾಗಿ ಬಂದರೆ ಅದು ಡ್ರೈವರನ ಲೋಕದೃಷ್ಟಿ. ಅಂಗಿಯ ಗುಂಡಿ ಕಿತ್ತುಬಂದರೆ ದರ್ಜಿಯದು. ತಮಗೆ ನೆಗಡಿಯಾದರೆ ಮಾತ್ರ ಇಡೀ ಯುಗದ್ದು. ನಲ್ಲಿ ಸೋರುತ್ತಿದೆಯೆಂದು ಪ್ಲಂಬರ್‌ನನ್ನು ಕರೆಸಿ, ಒಂದು ಗಂಟೆ ನಿಲ್ಲಿಸಿಕೊಂಡು, “ಇದು ವಾಷರ್ ಪ್ರಶ್ನೆ ಅಲ್ಲಪ್ಪ, ಲೋಕದೃಷ್ಟಿ ಪ್ರಶ್ನೆ” ಎಂದರು. “ಹಾಗಂದ್ರೇನು ಸಾರ್?” ಎಂದು ಅವನು ಬಾಯಿತಪ್ಪಿ ಕೇಳಿಬಿಟ್ಟ. “ಹಾಗಂದ್ರೇನು ಅಂತ ಕೇಳ್ತೀಯಲ್ಲ, ಅದೇ ನಿನ್ನ ಲೋಕದೃಷ್ಟಿ!” ಸ್ಪ್ಯಾನರ್ ಎತ್ತಿಕೊಂಡು ಹೋದವನು ಇವತ್ತಿಗೂ ಬಂದಿಲ್ಲ, ನಲ್ಲಿ ಸೋರುತ್ತಲೇ ಇದೆ. ಮನೆಯಲ್ಲಿರುವುದು ಮೇಷ್ಟರು ಮತ್ತು ಅವರ ಅಕ್ಕ, ಇಬ್ಬರೇ. ಎರಡು ವರ್ಷದ ಹಿಂದೆ ಅಕ್ಕನ ಕಣ್ಣು ಪೂರ್ತಿ ಹೋಯಿತು. ಅಂದಿನಿಂದ ದಿನಾ ಸಂಜೆ ಅವರನ್ನು ಕಿಟಕಿಯ ಬಳಿ ಕೂರಿಸಿ, ಬೀದಿಯಲ್ಲಿ ಕಂಡದ್ದನ್ನೆಲ್ಲ ಮೇಷ್ಟರು ಹೇಳುತ್ತಾರೆ. ಮೊನ್ನೆ ನಾನು ಹೋದಾಗ, “ಎದುರು ಮನೆ ಬಾಗಿಲಿಗೆ ಹೊಸ ಬಣ್ಣ ಹೊಡೆದಿದಾರೆ ಅಕ್ಕ, ಹಸಿರು” ಎನ್ನುತ್ತಿದ್ದರು. ಹೇಳಿದ ಮೇಲೆ ಯಾಕೋ ಅನುಮಾನ ಬಂದು, ಚಪ್ಪಲಿ ಮೆಟ್ಟಿ, ನೋಯುವ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ರಸ್ತೆ ದಾಟಿ, ಆ ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಏದುಸಿರು ಬಿಡುತ್ತ ಮೇಲೆ ಬಂದು, “ತಪ್ಪಾಯ್ತು ಅಕ್ಕ, ನೀಲಿ ಅದು” ಎಂದರು. “ಕಡು ನೀಲಿನೋ, ತಿಳಿ ನೀಲಿನೋ?” ಎಂದು ಅಕ್ಕ ಕೇಳಿದರು. ಮೇಷ್ಟರು ಮತ್ತೆ ಚಪ್ಪಲಿ ಮೆಟ್ಟಿದರು.