ಅತ್ತೆಯ ಮಂಚಕ್ಕೆ ಪಕ್ಕದ ಮನೆಯ ಶಾಖ

ಬೆಳಿಗ್ಗೆ ಬಟ್ಟೆ ಒಗೆದು ಬಿದಿರುಕೋಲಿಗೆ ಸಿಕ್ಕಿಸಿ ಅಡುಗೆಮನೆ ಕಿಟಕಿಯಾಚೆ ಚಾಚಿದೆ. ದೇವರ ಸಾಮಾನು ತಿಕ್ಕಿದೆ. ಹುಳಿಗೆ ಬೇಳೆ ಬೇಯಿಸಿ, ಬೀನ್ಸ್ ಪಲ್ಯಕ್ಕೆ ಕಾಯಿ ತುರಿದೆ. ಬಿಸಿಲೇರಿದಾಗ ಅತ್ತೆಯ ಕೋಣೆಯ ಕಿಟಕಿ ಭದ್ರವಾಗಿ ಮುಚ್ಚಿದೆ. ಸೆಖೆಯಾದರೆ ಕಿಟಕಿ ತೆರೆಯಬೇಕೆಂದು ಮೈಸೂರಿನಲ್ಲಿ ಮಕ್ಕಳಿಗೂ ಗೊತ್ತು. ಸೆಖೆ ತಡೆಯಲು ಕಿಟಕಿ ಮುಚ್ಚುವುದನ್ನು ನಾನು ಕಲಿತದ್ದು ಸಿಂಗಾಪುರದಲ್ಲಿ.

ಕ್ಲೆಮೆಂಟಿ ಬಡಾವಣೆಯಲ್ಲಿರುವ ನಮ್ಮ ಫ್ಲ್ಯಾಟುಗಳ ಬ್ಲಾಕ್ ಮೂಲೆಯಲ್ಲಿ ಮೊಣಕೈಯಂತೆ ಮಡಚಿಕೊಂಡಿದೆ. ಪಕ್ಕದ ಮನೆಯ ಏಸಿಯ ಹೊರಪೆಟ್ಟಿಗೆ ನಮ್ಮ ಕಿಟಕಿಗೆ ಮುಖ ಮಾಡಿ ಕೂತಿದೆ. ಹಗಲಿಡೀ ಅದು ಬಿಡುವ ಬಿಸಿಗಾಳಿ ನೇರ ಅತ್ತೆಯ ಮಂಚಕ್ಕೆ. ನಮ್ಮಲ್ಲೂ ಏಸಿ ಹಾಕೋಣವೆಂದರೆ ಅವರಿಗೆ ಮಂಡಿ ಹಿಡಿಯುತ್ತದೆ. ಮೊನ್ನೆ "ನನಗೆ ಟಿಕೆಟ್ ಮಾಡಿಸಿಬಿಡಮ್ಮ, ಊರಿಗೆ ಹೋಗ್ತೀನಿ" ಅಂದರು. ನಮ್ಮ ಯಜಮಾನರು ದೂರದ ಪಾಯಾ ಲೆಬಾರ್‌ನ ಆಫೀಸಿಗೆ ಹೊರಟರೆ ಮರಳುವುದು ಕತ್ತಲಾದ ಮೇಲೆ. ಅತ್ತೆಯೂ ಹೋದರೆ ಹಗಲಲ್ಲಿ ನಾನು ಕನ್ನಡ ಮಾತಾಡುವುದು ಗೋಡೆಯ ಜೊತೆ.

ಮೈಸೂರಿನಲ್ಲಿ ಪಕ್ಕದವರು ಕಸಕ್ಕೆ ಬೆಂಕಿ ಹಚ್ಚಿ ಹೊಗೆ ಬಂದರೆ ಕಾಂಪೌಂಡಿನ ಮೇಲಿಂದಲೇ ಕೂಗುತ್ತಿದ್ದೆ. ಸಂಜೆ ಅವರ ಮನೆಗೇ ಕರಿಬೇವಿಗೆ ಹೋಗುತ್ತಿದ್ದೆ. ಇಲ್ಲಿ ಪಕ್ಕದ ಮನೆಗೆ ಬಂದವರು ಉಡುಪಿ ಕಡೆಯ ಪ್ರಶಾಂತ್ ಮತ್ತು ವಿದ್ಯಾ. ಇಡೀ ಬ್ಲಾಕಿನಲ್ಲಿ ನಮಗೆ ಸಿಕ್ಕ ಕನ್ನಡದ ಮನೆ ಅದೊಂದೇ. ಎಲ್ಲಿ ಬೇಸರ ಮಾಡಿಕೊಳ್ಳುತ್ತಾರೋ ಎಂದು ಬಾಯಿ ಕಟ್ಟಿಕೊಂಡೆ. ಬಿಸಿಗಾಳಿ ಕಳಿಸಿದವರಿಗೆ ಕೋಸಂಬರಿ ಕಳಿಸಿದೆ.

ಇವತ್ತು ಯಜಮಾನರಿಗೆ ರಜೆ, ಅವರಿಬ್ಬರನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದೆವು. ವಿದ್ಯಾ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ, ಹಗಲು ನಿದ್ದೆ. ಪ್ರಶಾಂತ್ ಕಂಪನಿ ಚಳಿ ದೇಶಗಳಿಗೆ ಮನೆ ಬೆಚ್ಚಗಿಡುವ ಹೀಟ್ ಪಂಪ್ ಮಾರುತ್ತದೆ. ಹಿಮ ಬೀಳುವಲ್ಲಿ ಶಾಖ ಎಲ್ಲಿಂದ ತರುತ್ತೀರಿ ಎಂದು ಯಜಮಾನರು ಕೇಳಿದರು.

"ಹೊರಗಿನ ಗಾಳಿಯಿಂದಲೇ ಅಂಕಲ್. ಎಷ್ಟು ಚಳಿ ಇದ್ರೂ ಅದ್ರಲ್ಲಿ ಸ್ವಲ್ಪ ಶಾಖ ಇರುತ್ತೆ. ಪೈಪಲ್ಲಿರೋ ಗ್ಯಾಸ್ ಅದಕ್ಕಿಂತ ತಣ್ಣಗಿರೋದ್ರಿಂದ ಆ ಶಾಖ ಎಳ್ಕೊಳ್ಳುತ್ತೆ. ಆಮೇಲೆ ಕಂಪ್ರೆಸರ್ ಒತ್ತುತ್ತೆ. ಸೈಕಲ್‌ಗೆ ಗಾಳಿ ಹೊಡೆದಾಗ ಪಂಪಿನ ಬುಡ ಬಿಸಿ ಆಗಲ್ವಾ, ಹಾಗೆ ಬಿಸಿ ಆಗುತ್ತೆ. ಆ ಶಾಖಾನ ಮನೆಯೊಳಗೆ ಬಿಡೋದು. ಶಾಖ ಹುಟ್ಟಿಸೋದಕ್ಕಿಂತ ಸಾಗಿಸೋದೇ ಜಾಸ್ತಿ, ಅದಕ್ಕೇ ಕರೆಂಟ್ ಉಳಿಯುತ್ತೆ."

"ಅಂದ್ರೆ ಏಸಿ ಉಲ್ಟಾ" ಅಂದೆ.

"ಕರೆಕ್ಟ್ ಆಂಟಿ. ಮೆಷಿನ್ ಅದೇ. ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯೋದು."

ಹುಳಿಯ ಸೌಟು ಕೈಯಲ್ಲೇ ನಿಂತಿತು. "ಹಾಗಾದ್ರೆ ನಿಮ್ಮ ಬೆಡ್‌ರೂಮಿಂದ ಎತ್ತಿ ನಮ್ಮತ್ತೆ ರೂಮಿಗೆ ಸುರಿತಿದ್ದೀರಲ್ಲ, ಅದಕ್ಕೇನಂತಾರೆ?"

ಪ್ರಶಾಂತ್ ನಕ್ಕರು. "ಬಂದ ದಿನವೇ ನೋಡಿ ಅಂದ್ಕೊಂಡೆ ಆಂಟಿ, ಪಾಪ ಅಲ್ಲಿಗೇ ಹೊಡೆಯುತ್ತೆ ಅಂತ. ನೀವೇನೂ ಹೇಳ್ಲಿಲ್ಲ, ಸರಿ ಹೋಗಿದೆ ಅಂದ್ಕೊಂಡೆ. ಅಜ್ಜಿ ಹಗಲು ನಮ್ಮ ಹಾಲಲ್ಲಿ ಕೂರಲಿ, ತಂಪಾಗಿರುತ್ತೆ."

"ನಿಮ್ಮನೇಲಿ ಕೂತು ನಮ್ಮನೆ ಕಾಯಿಸ್ಲೇನಪ್ಪ?" ಎಂದರು ಅತ್ತೆ. "ನಮ್ಮದೇನು ಹಿಮದ ದೇಶವಾ?"

ವಿದ್ಯಾ ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ? ಅಜ್ಜಿನ ಬೇಯಿಸಿ ನಾನು ನಿದ್ದೆ ಮಾಡ್ಬೇಕಾ? ಆ ಇನ್ನೊಂದು ರೂಮಿನ ಏಸಿ ರೋಡ್ ಕಡೆ ಇದೆಯಲ್ಲ. ನಿಮ್ಮ ಸೈಕಲ್, ಗಿಟಾರ್ ಎಲ್ಲ ಖಾಲಿ ಮಾಡಿ. ಇನ್ಮೇಲೆ ನಾನು ಹಗಲು ಅಲ್ಲೇ ಮಲಗೋದು. ಇವತ್ತೇ."

"ಕ್ಯಾನ್, ಕ್ಯಾನ್" ಎಂದರು ಪ್ರಶಾಂತ್. ಆಯಿತು, ಆಗಲಿ ಎನ್ನುವುದಕ್ಕೆ ಈ ಊರಿನ ಮಾತು ಅದು. ಊಟವಾದ ಮೇಲೆ ಗೋಡೆಯಾಚೆ ಮಂಚ ಎಳೆಯುವ ಸದ್ದು ಕೇಳಿತು, ಕಿಟಕಿಯೆದುರಿನ ಏಸಿ ಪೆಟ್ಟಿಗೆಯ ಸದ್ದು ನಿಂತಿತು.

ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಭೂಮಿಯ ಆ ತುದಿಯ ಮನೆಗಳಿಗೆ ಶಾಖ ಹೇಗೆ ಮುಟ್ಟುತ್ತದೆ ಎಂದು ಬಲ್ಲವರು, ಎದುರಿನ ಕಿಟಕಿಯ ಹಿಂದೆ ಮಂಚವಿದೆ, ಅದರ ಮೇಲೆ ಮನುಷ್ಯರಿದ್ದಾರೆ ಎಂದು ನಾನು ಹೇಳುವವರೆಗೂ ಕಾದರಲ್ಲ. ನಾನಾದರೂ ಮೊದಲ ದಿನವೇ ಏಕೆ ಕೂಗಲಿಲ್ಲ? ಮೈಸೂರಿನ ಬಾಯಿ ಇಲ್ಲಿ ಏಳುವುದಿಲ್ಲ. ಹೋದ ಸಲ ರಜೆಗೆ ಹೋದಾಗ ಅಲ್ಲಿಯೂ ಏಳಲಿಲ್ಲ. ಹೊಗೆಗೆ ಸುಮ್ಮನೆ ಬಾಗಿಲು ಹಾಕಿಕೊಂಡೆ. "ಏನೇ, ಫಾರಿನ್ ಆಗೋದ್ಯಾ?" ಎಂದು ಪಕ್ಕದಾಕೆ ಕೇಳಿದ್ದಳು.

ರಾತ್ರಿ ಅನ್ನ, ಮಧ್ಯಾಹ್ನದ ಹುಳಿ, ಸುಟ್ಟ ಹಪ್ಪಳ. ಅತ್ತೆ ಮಜ್ಜಿಗೆ ಎರಡು ಸಲ ಹಾಕಿಸಿಕೊಂಡರು. ಟಿಕೆಟ್ಟಿನ ಮಾತು ಎತ್ತಲಿಲ್ಲ. ಬರುವ ತಿಂಗಳು ಮಜ್ಜಿಗೆ ಮೆಣಸಿನಕಾಯಿ ಹಾಕಬೇಕು ಎಂದರು. ಇಲ್ಲೋ ಊರಲ್ಲೋ ಹೇಳಲಿಲ್ಲ. ನಾನು ಅವರ ಕೋಣೆಯ ಕಿಟಕಿ ತೆರೆದಿಟ್ಟೆ. ಮೊದಲು ನಿದ್ದೆ ಹೋದವರು ಅವರೇ.