ಟಾಕೀಸ್ ಓಣಿಯ ಅಕ್ಕ

ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ನಿಮ್ಮ ಮನೆ ಮುಂದಿನ ರಸ್ತೆ ಯಾರದು? ಸರ್ಕಾರದ್ದು ಎಂದು ಥಟ್ಟನೆ ಹೇಳಿಬಿಟ್ಟಿರಿ, ಅಲ್ಲವೇ? ಹಾಗಿದ್ದರೆ ಬೇರೆ ಯಾರೋ ಬಂದು ನಿಮ್ಮ ಗೇಟಿನ ಪಕ್ಕ ಕಾರು ನಿಲ್ಲಿಸಿದಾಗ ಕಿಟಕಿಯಲ್ಲಿ ನಿಂತು ಅಷ್ಟು ಹೊತ್ತು ದುರುಗುಟ್ಟುವುದು ಯಾಕೆ?

ನನಗೆ ಈ ಪ್ರಶ್ನೆ ಹುಟ್ಟಿದ್ದು ಓಂಕಾಳಿನ ವಾಸನೆಯಿಂದ. ಕಳೆದ ವಾರ ರವೀಂದ್ರನಗರದ ನಮ್ಮ ಮನೆಯ ಮಹಡಿಯಲ್ಲಿರುವವರು ಸಂಜೆ ಮೆಣಸಿನಕಾಯಿ ಬೋಂಡಾ ಕರಿಯುತ್ತಿದ್ದರು. ಕಡಲೆಹಿಟ್ಟಿಗೆ ಓಂಕಾಳನ್ನು ಅಂಗೈಯಲ್ಲಿ ಉಜ್ಜಿ ಹಾಕಿದರೆ ಮಾತ್ರ ಬರುವ ವಾಸನೆ ಅದು. ನನ್ನ ಕೈಯಲ್ಲಿ ಫೋನಿತ್ತು. ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿಕೊಟ್ಟು ಇನ್ನೂ ಸ್ವಲ್ಪ ದಿನವಾಗಿದೆ ಅಷ್ಟೆ. 'ಅಕ್ಕ' ಎಂದು ಒತ್ತಿದೆ. ಅದು 'ಅಕ್ಕಿ' ಎಂದಿತು. ಇಲ್ಲಪ್ಪ, ಅಕ್ಕಿಯಲ್ಲ, ನಮ್ಮ ಎದುರುಮನೆ ಅಕ್ಕ ಎಂದು ಅದಕ್ಕೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಕಣ್ಣು ಮಂಜಾಗಿತ್ತು...

ತೊಂಬತ್ತರ ದಶಕದ ಕೊನೆಯ ಮಾತು. ನಾವಾಗ ಶಿವಮೊಗ್ಗದ ದುರ್ಗಿಗುಡಿಯ ಹತ್ತಿರ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಓಣಿಯ ಈ ತುದಿಗೆ ದೊಡ್ಡ ರಸ್ತೆ, ಆ ತುದಿಗೆ ಟಾಕೀಸಿನ ಹಿಂದಿನ ಬಾಗಿಲು. ಎರಡೂ ಕಡೆ ಸಣ್ಣ ಸಣ್ಣ ಹೆಂಚಿನ ಮನೆಗಳು. ಹಗಲು ಹೊತ್ತು ಅದು ಹಪ್ಪಳ ಒಣಗಿಸುವ, ಮಕ್ಕಳ ತಲೆ ಬಾಚುವ ಓಣಿ. ದೀಪ ಹತ್ತುವ ಹೊತ್ತಿಗೆ ಅದರ ವೇಷವೇ ಬೇರೆ. ಓಣಿಯ ಬಾಯಲ್ಲಿದ್ದ ಬಾರಿನ ಕೆಂಪು ನೀಲಿ ಲೈಟು ಹತ್ತಿಕೊಳ್ಳುತ್ತಿತ್ತು. ಎಗ್‌ರೈಸಿನ ಗಾಡಿ, ಮಂಡಕ್ಕಿ ಗಾಡಿ, ಕಬಾಬ್ ಚಾಚಾನ ಕೆಂಡದ ಗಾಡಿ ಸಾಲಾಗಿ ಬಂದು ನಿಲ್ಲುತ್ತಿದ್ದವು. ಹೊಳೆಹೊನ್ನೂರಿನಿಂದ, ಭದ್ರಾವತಿಯಿಂದ ಸಿನಿಮಾಕ್ಕೆಂದು ಬಸ್ಸು ಹತ್ತಿ ಬಂದವರು ಅಲ್ಲೇ ತಿಂದು, ಅಲ್ಲೇ ಹರಟೆ ಹೊಡೆದು, ಕೊನೆಯ ಬಸ್ಸಿಗೆ ಓಡುತ್ತಿದ್ದರು. ಬಾರಿನ ಓಣಿಯಾದರೂ ಹೆಂಗಸರು ಹೆದರದೆ ಓಡಾಡುತ್ತಿದ್ದೆವು. ಯಾಕೆಂದರೆ ಓಣಿಯ ನಟ್ಟನಡುವೆ ಅಕ್ಕನ ಒಲೆಯಿತ್ತು.

ಅಕ್ಕ ಗಂಡ ತೀರಿಕೊಂಡ ಮೇಲೆ ತನ್ನ ಮನೆಯ ಹೊಸ್ತಿಲಾಚೆ ಒಂದು ಮೇಜು ಹಾಕಿ, ಅದರ ಮೇಲೆ ಸೀಮೆಎಣ್ಣೆ ಸ್ಟವ್ ಇಟ್ಟು ಬೋಂಡಾ ಕರಿಯಲು ಶುರು ಮಾಡಿದವಳು. ಅವಳ ಬದುಕು ನಡೆಯುತ್ತಿದ್ದುದೇ ಆ ಮೇಜಿನ ಮೇಲೆ. ಒಮ್ಮೆ ಒಬ್ಬ ಬಾರಿನಿಂದ ತೂರಾಡುತ್ತ ಬಂದು, ಟಾಕೀಸಿಗೆ ಹೊರಟಿದ್ದ ಹುಡುಗಿಯರ ಮುಂದೆ ಪೋಲಿ ಹಾಡು ತೆಗೆದ. ಅಕ್ಕ ಬಾಣಲೆಯಿಂದ ಕಣ್ಣೆತ್ತದೆ, "ಹಾಡೋದಾದ್ರೆ ಪೂರ್ತಿ ಹಾಡು ಮಾರಾಯ. ನಿನ್ ಹೆಂಡ್ತೀನೂ ಕರೆಸ್ತೀನಿ, ಅವ್ಳೂ ಕೇಳ್ಲಿ" ಎಂದಳು. ಅವನು ಎರಡು ಬೋಂಡಾ ತಿಂದು ತೆಪ್ಪಗೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಅಕ್ಕನದೊಂದು ಅಭ್ಯಾಸವಿತ್ತು. ಅವಳ ಹತ್ತಿರ ಯಾವುದರ ಬಗ್ಗೆಯೂ ಯಾರದ್ದು ಎಂದು ಕೇಳುವಂತಿರಲಿಲ್ಲ. ಈ ಮಲ್ಲಿಗೆ ಬಳ್ಳಿ ಯಾರದಕ್ಕಾ ಎಂದರೆ "ನಿಮ್ದೇ, ಕಿತ್ಕೊಳ್ಳಿ" ಎನ್ನುವಳು. ಈ ಮನೆ ಯಾರದು ಎಂದು ದಾರಿಹೋಕರು ವಿಚಾರಿಸಿದರೂ "ನಿಮ್ದೇ, ಬನ್ನಿ, ನೀರು ಕುಡೀರಿ." ನಮ್ಮ ಕಡೆ ಹಳೆಯವರು ಮರ್ಯಾದೆಗೆ ಹಾಗೆ ಹೇಳುತ್ತಾರೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ನಿಜವಾಗಿ ಯಾರೂ ಮನೆಯೊಳಗೆ ಬಂದು ಹಾಸಿಗೆ ಬಿಡಿಸುವುದಿಲ್ಲ.

ಬಾರಿನ ಯಜಮಾನರು ಒಂದೊಂದಾಗಿ ಓಣಿಯ ಮನೆಗಳನ್ನು ಕೊಂಡುಕೊಳ್ಳುತ್ತ ಬಂದರು. ಕೊನೆಗೆ ಉಳಿದದ್ದು ಅಕ್ಕನ ಸ್ವಂತ ಮನೆ, ಮತ್ತು ನಾವಿದ್ದ ಬಾಡಿಗೆ ಮನೆ. ಆಗ ಅವರು ಹೊಸ ರಾಗ ತೆಗೆದರು. ಎರಡು ಕಡೆಯೂ ನನ್ನದಾದ ಮೇಲೆ ನಡುವಿನ ಓಣಿಯೂ ನನ್ನದೇ, ಕಲ್ಲು ಹಾಸಿಸಿದ್ದೂ ನಾನೇ, ಗೇಟು ಹಾಕುತ್ತೇನೆ ಎಂದರು. ಗೇಟು ಬಿದ್ದರೆ ಗಾಡಿಗಳೂ ಇಲ್ಲ, ಅಕ್ಕನ ಮೇಜೂ ಇಲ್ಲ. ನಾವೆಲ್ಲ ಸೇರಿ ಇದು ಸಾರ್ವಜನಿಕ ರಸ್ತೆ ಎಂದು ನಗರಸಭೆಗೆ ಅರ್ಜಿ ಕೊಟ್ಟೆವು. ಕಚೇರಿಯಿಂದ ಸಾಹೇಬರು ಮಹಜರಿಗೆ ಬರುತ್ತಾರೆ, ಜಾಗ ನೋಡಿ, ಓಣಿಯಲ್ಲಿ ಸ್ವಂತ ಮನೆಯಲ್ಲೇ ವಾಸವಿರುವವರ ಹೇಳಿಕೆ ಬರೆದುಕೊಳ್ಳುತ್ತಾರೆ ಎಂದು ತಿಳಿಯಿತು. ಹಾಗೆ ಉಳಿದಿದ್ದವಳು ಅಕ್ಕ ಒಬ್ಬಳೇ.

"ಅಕ್ಕಾ, ನಮ್ಮೆಲ್ಲರ ಗಾಡಿ ಈಗ ನಿಮ್ಮ ಬಾಯಲ್ಲಿದೆ ನೋಡಿ" ಎಂದರು ಕಬಾಬ್ ಚಾಚಾ.

"ಅಷ್ಟು ದೊಡ್ಡ ಬಾಯಿಲ್ಲಪ್ಪ ನಂಗೆ" ಎಂದಳು ಅಕ್ಕ.

ನಾನು ದಿನವೂ ಅವಳಿಗೆ ಪಾಠ ಹೇಳಿಕೊಟ್ಟೆ. ಸಾಹೇಬರು ಕೇಳಿದರೆ 'ಇದು ಸಾರ್ವಜನಿಕ ರಸ್ತೆ' ಎನ್ನಬೇಕು, ಅಷ್ಟೇ. ಆದರೆ ಆ ಪದ ಅವಳ ನಾಲಗೆಗೆ ಹತ್ತುತ್ತಲೇ ಇರಲಿಲ್ಲ. "ಸಾರು ಗೊತ್ತು, ಜನ ಗೊತ್ತು. ಮಧ್ಯ ಏನೋ ಸಿಕ್ಕಾಕ್ಕೊಳ್ಳುತ್ತೆ ಮಾರಾಯ್ತಿ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹೇಳದೆ ಎಲ್ಲಿ ಹೋಗುತ್ತಾಳೆ ಎಂದುಕೊಂಡಿದ್ದೆ...

ಅವರು ಬಂದದ್ದು ಸಂಜೆ, ಬಾಣಲೆ ಕಾದ ಹೊತ್ತಿಗೆ. ಸಾಹೇಬರು, ಬರೆದುಕೊಳ್ಳಲು ಒಬ್ಬ ಗುಮಾಸ್ತ, ಜೊತೆಗೆ ಬಾರಿನ ಯಜಮಾನರು. ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಅಕ್ಕನ ಬಾಗಿಲಿಗೆ ಬಂದವರೇ ಅಲ್ಲ. ಅವತ್ತು ಕೈ ಮುಗಿದು, "ಚೆನ್ನಾಗಿದೀರಾ ಅಕ್ಕಾ? ನಿಮ್ ಕೈ ಬೋಂಡಾ ತಿನ್ನೋ ಯೋಗ ನಂಗೆ ಬಂದೇ ಇಲ್ಲ" ಎಂದರು. ಮುಗಿಯಿತು. ಅಕ್ಕನಿಗೆ ಅವರು ಎದುರಾಳಿ ಎನ್ನುವುದೇ ಮರೆತುಹೋಯಿತು. ಮನೆಬಾಗಿಲಿಗೆ ಬಂದ ನೆಂಟರ ಹಾಗೆ ಸ್ಟೂಲು ಹಾಕಿದಳು, ಪ್ಲೇಟಿಗೆ ಬಿಸಿ ಬಿಸಿ ಬೋಂಡಾ ಹಾಕಿದಳು.

"ಏನಮ್ಮಾ, ಈ ಓಣಿ ಯಾರದು?" ಎಂದು ಸಾಹೇಬರು ಕೇಳಿದರು.

ಅಕ್ಕ ಪ್ಲೇಟನ್ನು ಯಜಮಾನರ ಮುಂದೆ ಹಿಡಿದೇ, "ಅದೇನು ಹಾಗೆ ಕೇಳ್ತೀರಿ? ಎಲ್ಲಾ ನಿಮ್ದೇ. ಮೊದ್ಲು ತಗೊಳ್ಳಿ, ಆರೋಗುತ್ತೆ" ಎಂದಳು.

ನಾನು ಬಾಗಿಲಿನಿಂದ, "ಅಕ್ಕಾ, ಸಾರ್ವಜನಿಕ ಅನ್ನು" ಎಂದೆ. ಸಾಹೇಬರು ನನ್ನ ಕಡೆ ತಿರುಗಿ, "ನೀವು ಬಾಡಿಗೆಯವರಲ್ವಾ? ಸುಮ್ನಿರಿ" ಎಂದರು. ಮತ್ತೆ ಅಕ್ಕನಿಗೆ, "ಅಂದ್ರೆ ಇವರದ್ದು ಅಂತೀರಾ?" ಎಂದು ಯಜಮಾನರನ್ನು ತೋರಿಸಿದರು. ಬೋಂಡಾವನ್ನು ಆಗಷ್ಟೇ ಬಾಯಿಗಿಟ್ಟಿದ್ದ ಮನುಷ್ಯನ ಮುಖಕ್ಕೆ ಹೊಡೆದ ಹಾಗೆ 'ಅಲ್ಲ' ಎನ್ನುವುದು ಹೇಗೆ? ಅಕ್ಕನ ಕೈಲಿ ಆಗಲಿಲ್ಲ. "ಅವರದ್ದೇ ಅಂದ್ಕೊಳ್ಳಿ, ಅವರೇನು ಹೊರಗಿನವರಾ" ಎಂದಳು. ಗುಮಾಸ್ತ ಬರೆದುಕೊಂಡ. ಅಕ್ಕ ಎಣ್ಣೆ ಕೈ ಒರೆಸಿಕೊಂಡು ಸಹಿಯನ್ನೂ ಹಾಕಿದಳು.

ಅವರು ಹೋದ ಮೇಲೂ ಅವಳಿಗೆ ಏನೂ ಅನ್ನಿಸಿರಲಿಲ್ಲ. "ನೋಡಿದ್ಯಾ, ಒಂದು ತುಣುಕೂ ಬಿಡದೆ ತಿಂದ್ರು" ಎಂದು ಖುಷಿಯಲ್ಲಿದ್ದಳು. ಚಾಚಾ ಕಬಾಬಿನ ಕಡ್ಡಿಗಳನ್ನು ಒರೆಸಿಡುತ್ತ ಮೆಲ್ಲಗೆ, "ಅಕ್ಕಾ, ಪ್ಲೇಟ್ ಕೊಟ್ರಿ ಸರಿ. ಓಣಿ ಯಾಕ್ ಕೊಟ್ರಿ?" ಎಂದರು. ಆಗ ಅವಳ ಮುಖ ಇಳಿದದ್ದು ನನ್ನ ಕಣ್ಣಲ್ಲಿ ಹಾಗೇ ಇದೆ.

ಒಂದು ಮಾತಿಗೆ ರಸ್ತೆಯೇ ಒಬ್ಬರದಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲವಂತೆ. ಆದರೆ ನಮ್ಮ ಅರ್ಜಿಯನ್ನು ಮೂಲೆಗೆ ಹಾಕಲು ಅಷ್ಟು ಸಾಕಾಯಿತು. ಮಳೆಗಾಲ ಮುಗಿಯುವುದರೊಳಗೆ ಓಣಿಯ ಬಾಯಿಗೆ ಕಬ್ಬಿಣದ ಗೇಟು ಬಂತು. ಗಾಡಿಯವರು ದಿಕ್ಕಿಗೊಬ್ಬರಾದರು. ಚಾಚಾ ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅಕ್ಕನಿಗೆ ಮನೆಗೆ ಹೋಗಿಬರಲು ದಾರಿ ಬಿಟ್ಟರು, ಮೇಜನ್ನು ಮಾತ್ರ ಒಳಗೆ ತೆಗೆಸಿದರು. ಅವಳು ಹೊಸ್ತಿಲೊಳಗೆ ಸ್ಟವ್ ಇಟ್ಟುಕೊಂಡು ಕೆಲವು ದಿನ ಕಾದಳು. ತಿನ್ನುವವರು ಗೇಟು ದಾಟಿ ಬರಬೇಕಲ್ಲ...

ಒಂದು ದಿನ ನನ್ನನ್ನು ಕರೆದುಕೊಂಡು ಯಜಮಾನರ ಹತ್ತಿರ ಹೋದಳು. "ನಾನು ಅವತ್ತು ಮರ್ಯಾದೆಗೆ ಹೇಳಿದ್ದು ಯಜಮಾನ್ರೇ. ನಿಜಕ್ಕಲ್ಲ" ಎಂದಳು. ಅವರಿಗೆ ಕೋಪ ಬರಲಿಲ್ಲ. ಟೀ ತರಿಸಿದರು. "ನಾನೂ ಮರ್ಯಾದೆ ಇಟ್ಕೊಂಡೇ ಹೇಳ್ತಿದೀನಿ ಅಕ್ಕಾ. ಎಲ್ಲರ ಮುಂದೆ ಆಡಿದ್ ಮಾತು, ಈಗ ಹೇಗೆ ವಾಪಸ್ ತಗೋತೀರಿ?" ಎಂದರು. ಅಕ್ಕ ಟೀಯನ್ನು ಮುಟ್ಟಲಿಲ್ಲ. ಯಾರದೇ ಮನೆಯ ಟೀಯನ್ನು ಅವಳು ಹಾಗೆ ಬಿಟ್ಟು ಎದ್ದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಮನೆಯನ್ನು ಅವರಿಗೇ ಮಾರಿ ಭದ್ರಾವತಿಗೆ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ತಂಗಿಯ ಮನೆಗೆ ಹೋದಳು. ನಾವೂ ರವೀಂದ್ರನಗರಕ್ಕೆ ಬಂದೆವು. ಒಂದು ಸಲ ನೋಡಲು ಹೋಗಿದ್ದೆ. ಅಲ್ಲಿ ಶಿಫ್ಟ್ ಬಿಟ್ಟಾಗ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು. ಪಕ್ಕದ ಮನೆಯ ತಮಿಳಿನಾಕೆ ನನ್ನೆದುರೇ, "ಇಲ್ಲೊಂದು ಒಲೆ ಹಾಕಕ್ಕಾ, ಶಿಫ್ಟ್ ಬಿಟ್ಟು ಬರೋರು ಬಾಣಲೆ ಇಳಿಸಕ್ಕೂ ಬಿಡಲ್ಲ, ಅಷ್ಟು ತಿಂತಾರೆ" ಎಂದಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. "ಇದು ಕಾರ್ಖಾನೆ ರಸ್ತೆಯಂತೆ. ಇನ್ನೊಬ್ಬರ ರಸ್ತೇಲಿ ನಾನು ಕೂರಲ್ಲ" ಎಂದಳು.

ಹೊರಡುವಾಗ ಬಾಗಿಲ ಪಕ್ಕ ಡಬ್ಬದಲ್ಲಿ ಒಂದು ಗುಲಾಬಿ ಗಿಡ ಕಂಡಿತು. ಹಳೆಯ ಮಾತು ಕೇಳುವ ಆಸೆಯಿಂದಲೇ, "ಯಾರದಕ್ಕಾ ಈ ಗಿಡ?" ಎಂದೆ.

ಅಕ್ಕ ಡಬ್ಬವನ್ನು ಗೋಡೆಯ ಕಡೆಗೆ ಸರಿಸಿದಳು. "ನಂದು" ಎಂದಳು.

ಬಸ್ಸಿನಲ್ಲಿ ಶಿವಮೊಗ್ಗ ಬರುವವರೆಗೂ ಆ ಒಂದು ಮಾತು ಎದೆಯಲ್ಲಿ ಕೂತಿತ್ತು. ಅವಳು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಲ್ಲ ಕಾರ್ಯವೂ ಮುಗಿದ ಮೇಲೆ. ಮುಖ ನೋಡುವುದೂ ಆಗಲಿಲ್ಲ...

ಮಹಡಿಯಿಂದ ಆ ವಾಸನೆ ಬಂದ ಮರುದಿನ ಯಾರಿಗೂ ಹೇಳದೆ ಆಟೋ ಹತ್ತಿ ಓಣಿಗೆ ಹೋದೆ. ಹೆಂಚಿನ ಮನೆಗಳು ಒಂದೂ ಇಲ್ಲ. ಮೇಲೆ ಶೀಟಿನ ಮಾಡು, ಬಣ್ಣದ ದೀಪ, ಸಾಲು ಕುರ್ಚಿ, 'ಫುಡ್ ಸ್ಟ್ರೀಟ್' ಎಂಬ ಬೋರ್ಡು. ಹೆಸರಿಗೆ ರಸ್ತೆ, ಮುಂದೆ ಕಾವಲು. ಅಕ್ಕನ ಬಾಗಿಲಿದ್ದ ಕಡೆ ಕೈ ತೊಳೆಯುವ ಬೇಸಿನ್ ಇಟ್ಟಿದ್ದಾರೆ. ಅದರ ಪಕ್ಕ ಸ್ವಲ್ಪ ಹೊತ್ತು ನಿಂತೆ. ಯೂನಿಫಾರ್ಮ್ ಹಾಕಿದ ಒಬ್ಬರು, ನನ್ನ ಮಗನ ವಯಸ್ಸಿರಬಹುದು, ಹತ್ತಿರ ಬಂದರು.

"ಯಾರನ್ನ ಹುಡುಕ್ತಿದೀರಾ ಅಜ್ಜಿ?"

"ಯಾರನ್ನೂ ಇಲ್ಲಪ್ಪ. ಇಲ್ಲೊಬ್ಬಳು ನಮ್ಮಕ್ಕ ಇದ್ಲು, ನೆನಪಾಯ್ತು. ನಾನು ನಿಂತ್ರೆ ನಿಮ್ಮ ನೆಲ ಏನು ಸವೆಯಲ್ಲ, ಹೆದರಬೇಡಿ."

ಅವರು ಬೈಯಲಿಲ್ಲ. ಒಂದು ಕುರ್ಚಿಯನ್ನು ಸರಿಸಿ ನನಗೆ ಹೊರಗೆ ಹೋಗಲು ದಾರಿ ಮಾಡುತ್ತ ಹೇಳಿದರು: "ನೆನಪು ಮನೇಲಿ ಕೂತ್ಕೊಂಡು ಮಾಡ್ಕೊಳ್ಳಿ ಅಜ್ಜಿ. ಇಲ್ಲಿ ನಿಲ್ಬೇಕು ಅಂದ್ರೆ ಏನಾದ್ರೂ ಆರ್ಡರ್ ಮಾಡ್ಬೇಕು."